ಊರು ಬಿಟ್ಟವರ ಕಾಯಿಲೆ, ಊರಲ್ಲುಳಿದ ಚೀಟಿ

ಮಂಡ್ಯ ಸೀಮೆಯಲ್ಲಿ ವಲಸೆ ಕೂಲಿಗಳಿಗೆ ಆಸ್ಪತ್ರೆ ಸಿಗುವುದಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಜಿಲ್ಲಾ ಕೇಂದ್ರದಲ್ಲಿ 2006ರಿಂದ ಮಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು, ಅದರ ದೊಡ್ಡಾಸ್ಪತ್ರೆ ಇವೆ. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೋಬಳಿ ಊರುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಮೈಸೂರು, ಬೆಂಗಳೂರು ಎರಡೂ ಎರಡು ಗಂಟೆಯೊಳಗಿನ ದಾರಿ. ರಾಜ್ಯದ ಎಷ್ಟೋ ಜಿಲ್ಲೆಗಳಿಗೆ ಈ ಅನುಕೂಲ ಇಲ್ಲ. ಹಾವು ಕಚ್ಚಿದರೆ, ಎದೆ ನೋವು ಬಂದರೆ, ಟ್ರ್ಯಾಕ್ಟರ್ ಮಗುಚಿ ಬಿದ್ದರೆ ಬಳ್ಳಾರಿಯಿಂದ ಬಂದವರನ್ನೂ ಬಿಹಾರದಿಂದ ಬಂದವರನ್ನೂ 108 ಆಂಬುಲೆನ್ಸ್ ಕರೆದುಕೊಂಡು ಹೋಗುತ್ತದೆ, ಡಾಕ್ಟರು ನೋಡುತ್ತಾರೆ.

ತೊಂದರೆ ಇರುವುದು ಒಂದು ದಿನದಲ್ಲಿ ಮುಗಿಯದ ಕಾಯಿಲೆಗಳಲ್ಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಮೂರ್ಛೆರೋಗ, ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಇವೆಲ್ಲ ದಿನಾ ಮಾತ್ರೆ, ತಿಂಗಳಿಗೊಮ್ಮೆ ತಪಾಸಣೆ, ವರ್ಷಗಟ್ಟಲೆ ಒಂದೇ ಕಡತ ಕೇಳುತ್ತವೆ. ನಮ್ಮ ಆರೋಗ್ಯ ವ್ಯವಸ್ಥೆ ಆ ಮಾತ್ರೆಯನ್ನೂ ಕಡತವನ್ನೂ ಮನೆಯ ವಿಳಾಸಕ್ಕೆ ಕಟ್ಟಿಹಾಕಿದೆ. ವರ್ಷದಲ್ಲಿ ಆರೇಳು ತಿಂಗಳು ವಿಳಾಸವೇ ಇಲ್ಲದೆ ಬದುಕುವವರಿಗೆ ಮಧುಮೇಹ ಬಂದರೆ ಏನಾಗುತ್ತದೆ ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಮೂರು ತಾಲ್ಲೂಕುಗಳ ಮಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ.

ಈ ನೆಲಕ್ಕೆ ವಲಸೆ ಹೊಸದೇನಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಹರಿಯಿತು. ಇಂದು ಅದನ್ನೇ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ ಬೆಳೆಯುತ್ತಿದ್ದ ಒಣಭೂಮಿ ಕೆಲವೇ ವರ್ಷಗಳಲ್ಲಿ ಕಬ್ಬು, ಭತ್ತದ ಗದ್ದೆಯಾದಾಗ ಇದ್ದ ಕೈಗಳು ಸಾಲಲಿಲ್ಲ. ತಮಿಳು ಸೀಮೆಯಿಂದ ಕೂಲಿಗಳು ಬಂದರು. ನಾಲೆಯ ನೀರಿನ ಜೊತೆ ಮಲೇರಿಯವೂ ಬಂತು. ಅದೇ ಕಾಲದಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದನ್ನು ನಡೆಸಿತು. ರೋಗಿ ಬರಲಿ ಎಂದು ಆಸ್ಪತ್ರೆಯಲ್ಲಿ ಕಾಯುವ ಬದಲು ಹಳ್ಳಿಗೇ ಹೋಗುವ ಪದ್ಧತಿಗೆ ನಮ್ಮ ದೇಶದಲ್ಲಿ ಮೊದಮೊದಲು ನಡೆದ ಪ್ರಯತ್ನಗಳಲ್ಲಿ ಅದೂ ಒಂದು. ತೊಂಬತ್ತು ವರ್ಷಗಳ ಹಿಂದೆ ಇಲ್ಲೇ ಸಾಧ್ಯವಾದದ್ದು ಇದು ಎಂಬುದನ್ನು ಮರೆಯಬಾರದು. ತಮಿಳು ಸೀಮೆಯಿಂದ ಹಾಗೆ ಬಂದು ನೆಲೆಸಿದವರ ಗುರುತಾಗಿ ತಮಿಳು ಕಾಲೋನಿ ಮಿಮ್ಸ್ ಆಸ್ಪತ್ರೆಯ ಪಕ್ಕದಲ್ಲೇ ಇದೆ. ಅಲ್ಲಿಯ ಜಾಗ ಆಸ್ಪತ್ರೆಗೆ ಸೇರಿದ್ದೋ ನಿವಾಸಿಗಳಿಗೆ ಸೇರಿದ್ದೋ ಎಂಬ ವಿವಾದ ಎಷ್ಟೋ ವರ್ಷಗಳಿಂದ ಎಳೆದಾಡುತ್ತಿದೆ. ಆಸ್ಪತ್ರೆಗೆ ಕೂಗಳತೆಯಲ್ಲಿದ್ದೂ ಮನೆಯ ಹಕ್ಕು ಗಟ್ಟಿಯಿಲ್ಲದ ಬದುಕು ಅದು.

ಈಗ ಬರುವವರು ಬೇರೆ. ಕಬ್ಬು ಕಡಿಯಲು ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಗ್ಯಾಂಗ್‌ಗಳು ಬರುತ್ತವೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದರೂ ಮಂಡ್ಯದವರ ಬಾಯಲ್ಲಿ ಅವರೆಲ್ಲ ಇನ್ನೂ ‘ಬಳ್ಳಾರಿಯವರು’. ಉತ್ತರ ಕರ್ನಾಟಕದಲ್ಲಿ ಕಾರ್ಖಾನೆಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಅರೆಯಲು ತೊಡಗಿದರೆ ಮಂಡ್ಯ ಸೀಮೆಯಲ್ಲಿ ಜೂನ್, ಜುಲೈಗೇ ಹಂಗಾಮು ಶುರು. ಮಂಡ್ಯದ ಮೈಷುಗರ್, ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಭಾರತೀನಗರದ ಕಾರ್ಖಾನೆಗಳಿಗೆ ಮೂರೂ ತಾಲ್ಲೂಕುಗಳ ಕಬ್ಬು ಹೋಗುತ್ತದೆ. ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಕೆಲಸಗಾರರು ಬೆಲ್ಲ ಕಾಯಿಸುತ್ತಾರೆ. ಇಟ್ಟಿಗೆ ಗೂಡುಗಳಲ್ಲಿ, ಹೆದ್ದಾರಿ ಕೆಲಸದಲ್ಲಿ, ಕಟ್ಟಡ ಕೆಲಸದಲ್ಲಿ ಇನ್ನೂ ಬೇರೆ ಬೇರೆ ಕಡೆಯವರು. ಇತ್ತ ಇದೇ ತಾಲ್ಲೂಕುಗಳ ಮಕ್ಕಳು ಬೆಂಗಳೂರಿಗೆ ಹೋಗಿ ಡ್ರೈವರು, ಸೆಕ್ಯುರಿಟಿ, ಗಾರ್ಮೆಂಟ್ಸ್, ಹೋಟೆಲು ಎಂದು ಚದುರಿದ್ದಾರೆ. ಬರುವವರ ಕಷ್ಟಕ್ಕೂ ಹೋದವರ ಕಷ್ಟಕ್ಕೂ ಬೇರು ಒಂದೇ.

ಕಬ್ಬು ಕಡಿಯುವವರ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನಾಲೆ ಏರಿಯ ಮೇಲೋ ಖಾಲಿ ಹೊಲದಲ್ಲೋ ಟಾರ್ಪಾಲಿನ ಗುಡಾರ. ಹೆಂಗಸರು ಕತ್ತಲಲ್ಲೇ ಎದ್ದು ಅಡುಗೆ ಮಾಡಿ ಬುತ್ತಿ ಕಟ್ಟಬೇಕು. ಬೆಳಕು ಹರಿಯುವಾಗ ಮಚ್ಚು ಹಿಡಿದು ಗದ್ದೆಗೆ ಇಳಿದರೆ ಗಂಡಸರು ಕಡಿಯುವುದು, ಹೆಂಗಸರು ಸೋಗೆ ಸವರಿ ಕಟ್ಟು ಕಟ್ಟುವುದು. ಮಧ್ಯಾಹ್ನ ಆದ ಮೇಲೆ ಲಾರಿಯೋ ಟ್ರ್ಯಾಕ್ಟರೋ ಬಂದಾಗ ತಲೆಹೊರೆಯಲ್ಲಿ ತುಂಬುವುದು. ಗಾಡಿ ರಾತ್ರಿ ಬಂದರೆ ರಾತ್ರಿಯೇ ತುಂಬಬೇಕು. ಕೂಲಿ ಟನ್ನಿನ ಲೆಕ್ಕದಲ್ಲಿ, ಗ್ಯಾಂಗಿಗೆ ಸೇರಿಸಿ. ಊರು ಬಿಡುವ ಮುಂಚೆಯೇ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ಮಗಳ ಮದುವೆಗೋ ಹಳೇ ಸಾಲಕ್ಕೋ ಆ ದುಡ್ಡು ಆಗಲೇ ಖರ್ಚಾಗಿರುತ್ತದೆ. ಹೀಗಿರುವಾಗ ಒಬ್ಬರು ಒಂದು ದಿನ ತಪ್ಪಿಸಿಕೊಂಡರೆ ಅವರ ಪಾಲಿನ ಕೆಲಸ ಉಳಿದವರ ತಲೆಗೆ ಬೀಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ನೋಡುವ ಹೊತ್ತು ಗದ್ದೆಯಲ್ಲಿ ಕೆಲಸ ಬಿರುಸಾಗಿರುವ ಹೊತ್ತು. ಗುಡಾರಕ್ಕೆ ಮರಳುವಾಗ ಕೇಂದ್ರದ ಬಾಗಿಲು ಮುಚ್ಚಿರುತ್ತದೆ.

ಈ ದಿನಚರಿಯೊಳಗೆ ಸಕ್ಕರೆ ಕಾಯಿಲೆಯನ್ನು ಇಟ್ಟು ನೋಡಿ. ಬೆಳಗ್ಗೆ ತಿಂಡಿಗೆ ಮುಂಚೆ ಮಾತ್ರೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಸಕ್ಕರೆ ಇಳಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿ ಗದ್ದೆಗೆ ಇಳಿದವರಿಗೆ ಊಟ ಸಿಗುವುದು ಹತ್ತೋ ಹನ್ನೊಂದೋ ಗಂಟೆಗೆ. ಅಷ್ಟರೊಳಗೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟು ಕೂತುಬಿಡುತ್ತಾರೆ. ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಾಗ ಆಗುವುದು ಇದೇ. ಕೈಯಲ್ಲಿ ಮಚ್ಚು ಇರುವಾಗ, ತಲೆಯ ಮೇಲೆ ಕಬ್ಬಿನ ಹೊರೆ ಇರುವಾಗ ಹೀಗಾದರೆ ಪ್ರಾಣಕ್ಕೇ ಕುತ್ತು. ಒಂದೆರಡು ಸಲ ಹೀಗಾದ ಮೇಲೆ ಅವರು ಮಾತ್ರೆಯನ್ನೇ ಬಿಡುತ್ತಾರೆ. ಇದನ್ನು ಅಸಡ್ಡೆ ಎಂದು ಬೈಯುವ ಡಾಕ್ಟರನ್ನು ನೋಡಿದ್ದೇನೆ. ನನಗೆ ಅದು ಅಸಡ್ಡೆ ಅನ್ನಿಸುವುದಿಲ್ಲ. ತನ್ನ ಮೈ ಹೇಳಿದ್ದನ್ನು ಕೇಳಿ ಮಾಡಿದ ತೀರ್ಮಾನ ಅದು. ಮಾತ್ರೆ ಬರೆಯುವಾಗ ‘ಎಷ್ಟೊತ್ತಿಗೆ ಉಣ್ತೀಯವ್ವ?’ ಎಂದು ಒಂದು ಮಾತು ಕೇಳಿದ್ದರೆ ಹೊತ್ತನ್ನು ಬದಲಾಯಿಸಬಹುದಿತ್ತು, ಸಕ್ಕರೆ ಅಷ್ಟು ಬೇಗ ಇಳಿಸದ ಬೇರೆ ಮಾತ್ರೆ ಕೊಡಬಹುದಿತ್ತು.

ಇನ್ನು ಕಾಲು. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆಗಳು ಓರೆಯಾಗಿ ಕತ್ತರಿಸಿ ನಿಂತಿರುತ್ತವೆ, ಚೂಪಾಗಿ. ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ಅದರ ನಡುವೆ ದಿನವಿಡೀ ಓಡಾಟ. ಆರೋಗ್ಯವಂತರಿಗೆ ಕೂಳೆ ಚುಚ್ಚಿದರೆ ನೋಯುತ್ತದೆ, ನೋಡಿಕೊಳ್ಳುತ್ತಾರೆ. ಹತ್ತು ವರ್ಷದಿಂದ ಸಕ್ಕರೆ ಏರಿಯೇ ಇರುವವರ ಪಾದದ ನರಗಳು ಸತ್ತಿರುತ್ತವೆ, ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಸಂಜೆ ಚಪ್ಪಲಿ ಒದ್ದೆಯಾಗಿದೆ ಎಂದು ನೋಡಿದರೆ ರಕ್ತ. ಅರಿಶಿನ, ಸುಣ್ಣ ಮೆತ್ತಿ ಬಟ್ಟೆ ಕಟ್ಟಿ ಮಾರನೇ ದಿನ ಮತ್ತೆ ಗದ್ದೆಯ ಕೆಸರಿಗೆ. ವಾರ ಕಳೆದರೆ ಬಾವು, ಎರಡು ವಾರಕ್ಕೆ ವಾಸನೆ. ಆಗ ದೊಡ್ಡಾಸ್ಪತ್ರೆ ನೆನಪಾಗುತ್ತದೆ. ಅಲ್ಲಿ ಬೆರಳು ತೆಗೆಯಬೇಕು ಅಂದಾಗ ‘ಊರಿಗೆ ಹೋಗಿ ತೋರಿಸ್ತೀವಿ’ ಎಂದು ಬರೆದುಕೊಟ್ಟು ಬಸ್ಸು ಹತ್ತುವವರೂ ಇದ್ದಾರೆ. ಮಂಡ್ಯದಿಂದ ಹಗರಿಬೊಮ್ಮನಹಳ್ಳಿಗೆ ಒಂದು ರಾತ್ರಿಯ ಪ್ರಯಾಣ. ಬೆರಳಿನಲ್ಲಿ ಮುಗಿಯಬೇಕಾದದ್ದು ಅಷ್ಟರಲ್ಲಿ ಮೊಣಕಾಲಿಗೆ ಬಂದಿರುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರ ಪಾಡು ಬೇರೆಯೇ. ಗುಡಾರದಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೆರಳಿನಲ್ಲಿಟ್ಟರೆ ಕೆಲವು ವಾರ ಕೆಡದೆ ಉಳಿಯುತ್ತದೆ. ಇದನ್ನು ಹೇಳಿಕೊಡುವ ನರ್ಸ್ ಒಬ್ಬರು ಸಿಕ್ಕರೆ ಅವರ ಪುಣ್ಯ.

ಹೀಗಿರುವ ಜನ ಚಿಕಿತ್ಸೆಗೆ ಎಲ್ಲಿಗೆ ಹೋಗುತ್ತಾರೆ? ಮೊದಲು ಮೆಡಿಕಲ್ ಸ್ಟೋರಿಗೆ. ಮದ್ದೂರಿನಲ್ಲೋ ಭಾರತೀನಗರದಲ್ಲೋ ಮಳವಳ್ಳಿಯ ಪೇಟೆಯಲ್ಲೋ ದೀಪ ಹಚ್ಚುವ ಹೊತ್ತಿಗೆ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಸೆರಗಿನ ಗಂಟಿನಿಂದಲೋ ಅಂಗಿ ಜೇಬಿನಿಂದಲೋ ಖಾಲಿಯಾದ ಮಾತ್ರೆ ಪಟ್ಟಿಯ ತುಂಡೊಂದು ಹೊರಬರುತ್ತದೆ. ‘ಇದೇ ಕೊಡ್ರಿ, ಹತ್ತು.’ ಚೀಟಿ ಊರಿನ ಟ್ರಂಕಿನಲ್ಲಿದೆ. ಪಟ್ಟಿಯ ಮೇಲೆ ಹೆಸರಿರುವ ಕಡೆ ಹರಿದಿದ್ದರೆ ಅಂಗಡಿಯವರು ಬಣ್ಣ, ಗಾತ್ರ ನೋಡಿ ಊಹಿಸಬೇಕು. ‘ಬಿಪಿದಾ, ಶುಗರ್‌ದಾ?’ ಎಂದು ಕೇಳುತ್ತಾರೆ. ಹತ್ತು ಮಾತ್ರೆ ಇಪ್ಪತ್ತು ದಿನ ಬರುವಂತೆ ದಿನ ಬಿಟ್ಟು ದಿನ ನುಂಗುವುದೂ ಇದೆ. ಕಾನೂನಿನ ಕಣ್ಣಲ್ಲಿ ಇದು ತಪ್ಪು ವ್ಯಾಪಾರ. ಆದರೆ ಸಂಜೆ ಏಳಕ್ಕೆ ಬಾಗಿಲು ತೆರೆದಿರುವುದು, ಆಧಾರ್ ಕೇಳದಿರುವುದು, ಐದೇ ನಿಮಿಷದಲ್ಲಿ ಕೆಲಸ ಮುಗಿಯುವುದು ಆ ಅಂಗಡಿಯಲ್ಲಿ ಮಾತ್ರ. ಸರ್ಕಾರಿ ಕೇಂದ್ರದಲ್ಲಿ ಅದೇ ಆಮ್ಲೋಡಿಪಿನ್, ಅದೇ ಮೆಟ್‌ಫಾರ್ಮಿನ್ ಪುಕ್ಕಟೆ ಸಿಗುತ್ತದೆ, ಜನೌಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ ಎಂಬ ತಿಳಿವಳಿಕೆ ಗುಡಾರದವರೆಗೆ ತಲುಪಿಲ್ಲ. ತಲುಪಿದರೂ ಅಷ್ಟು ಹೊತ್ತು ಅವರ ಕೈಯಲ್ಲಿಲ್ಲ.

ಎರಡನೆಯದು ಸೂಜಿ. ಹಳ್ಳಿಯ ಆರ್‌ಎಂಪಿ ‘ಡಾಕ್ಟ್ರು’ ಬೈಕಿನಲ್ಲಿ ಗುಡಾರಕ್ಕೇ ಬರುತ್ತಾರೆ, ಸಾಲಕ್ಕೂ ಕೊಡುತ್ತಾರೆ, ಮೇಸ್ತ್ರಿಯ ಲೆಕ್ಕಕ್ಕೆ ಬರೆಸಿಕೊಳ್ಳುತ್ತಾರೆ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಸುಸ್ತಿಗೆ ಗ್ಲೂಕೋಸ್ ಬಾಟಲಿ. ರಾತ್ರಿ ಸೂಜಿ ಹಾಕಿಸಿಕೊಂಡರೆ ಬೆಳಗ್ಗೆ ಗದ್ದೆಗೆ ಇಳಿಯಬಹುದು. ಅವರಿಗೆ ಬೇಕಾದದ್ದೂ ಅಷ್ಟೇ. ಸುಸ್ತು ಸಕ್ಕರೆ ಕಾಯಿಲೆಯದ್ದೇ ಆಗಿದ್ದರೆ ಗ್ಲೂಕೋಸ್ ಬಾಟಲಿ ಅದನ್ನು ಹೆಚ್ಚಿಸುತ್ತದೆ. ನೋವಿನ ಸೂಜಿಯ ಅಪಾಯ ಇನ್ನೂ ಆಳದ್ದು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ವೈದ್ಯರು 2002ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು: ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ರೈತ ಕೂಲಿಗಳ ಮೂತ್ರಪಿಂಡಗಳು ಕೆಟ್ಟುಹೋಗುತ್ತಿದ್ದವು. ಮುಂದೆ ನಿಕರಾಗುವ ಮತ್ತು ಸುತ್ತಲಿನ ದೇಶಗಳ ಕಬ್ಬಿನ ಸೀಮೆಯಲ್ಲೂ ಅದೇ ಕಂಡಿತು. ಬಿಸಿಲಲ್ಲಿ ನೀರಿಲ್ಲದೆ ಮೈಮುರಿದು ದುಡಿಯುವುದು ಮುಖ್ಯ ಕಾರಣಗಳಲ್ಲಿ ಒಂದು ಎಂದು ಈಗ ಬಹುತೇಕ ಸಂಶೋಧಕರು ಒಪ್ಪುತ್ತಾರೆ. ನೋವಿನ ಔಷಧಿಗಳು ಅದಕ್ಕೆ ಒಗ್ಗರಣೆ. ನಿಕರಾಗುವದ ಕಾರ್ಖಾನೆಯೊಂದು ಕಬ್ಬು ಕಡಿಯುವವರಿಗೆ ನೀರು, ನೆರಳು, ಕಡ್ಡಾಯ ವಿಶ್ರಾಂತಿಯ ವ್ಯವಸ್ಥೆ ಮಾಡಿತು. ಮೂತ್ರಪಿಂಡದ ಹಾನಿ ಇಳಿಯಿತು. ನಮ್ಮ ನೆರೆಯ ಆಂಧ್ರದಲ್ಲಿ, ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ, ಕಾರಣ ಇನ್ನೂ ಸ್ಪಷ್ಟವಾಗದ ಇಂಥದೇ ಕಾಯಿಲೆ ಊರೂರನ್ನೇ ಕಾಡುತ್ತಿದೆ. ಮಂಡ್ಯದ ಗದ್ದೆಯ ಬಿಸಿಲು, ಗದ್ದೆಯ ಸೂಜಿ ಎರಡನ್ನೂ ಬಲ್ಲವರು ಇಲ್ಲಿಯ ಗ್ಯಾಂಗ್‌ಗಳ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು ಎಂದು ಒಪ್ಪಿಯಾರು.

ಹೆಂಗಸರದು ಇನ್ನೂ ಒಂದು ಪದರ ಹೆಚ್ಚಿನ ಕಷ್ಟ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ತೆಗೆಸುವ ದಂಧೆ 2019ರಲ್ಲಿ ಬಯಲಾದಾಗ ಸರ್ಕಾರದ ಸಮಿತಿಯೊಂದು 82 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸಮೀಕ್ಷೆ ಮಾಡಿತು. 13 ಸಾವಿರಕ್ಕೂ ಹೆಚ್ಚು ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರು. ಬಿಳಿಸೆರಗು, ಹೊಟ್ಟೆನೋವು ಎಂದು ಪದೇ ಪದೇ ಕೆಲಸ ತಪ್ಪಿಸಿಕೊಳ್ಳಲಾರದೆ, ಔಷಧಿಯಲ್ಲಿ ವಾಸಿಯಾಗುವುದನ್ನು ಕತ್ತರಿಯಲ್ಲಿ ಮುಗಿಸಿಕೊಂಡವರು ಅವರು. ಅಲ್ಲಿಯ ಲೆಕ್ಕವನ್ನು ತಂದು ಮಂಡ್ಯಕ್ಕೆ ಅಂಟಿಸುವುದು ತಪ್ಪು. ಆದರೆ ಮುಂಗಡ, ಟನ್ನಿನ ಕೂಲಿ, ಬಯಲಲ್ಲೇ ಸ್ನಾನ ಎಂಬ ಮೂರೂ ಇಲ್ಲಿಯೂ ಇವೆ. ಒಂದು ಒಳ್ಳೆಯ ಬದಲಾವಣೆ: 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗಿನ ಹೆಂಗಸರು ಆಧಾರ್ ತೋರಿಸಿ ಪುಕ್ಕಟೆಯಾಗಿ ಮಂಡ್ಯದ ಆಸ್ಪತ್ರೆಗೂ ಹೋಗಬಹುದು, ಊರಿಗೂ ಹೋಗಿ ಮಾತ್ರೆ ತರಬಹುದು.

ಆಲೆಮನೆಯವರ ಕಾಯಿಲೆ ಹೆಚ್ಚಾಗಿ ಎದೆಯದ್ದು. ರಚ್ಚು, ಅಂದರೆ ಕಬ್ಬಿನ ಸಿಪ್ಪೆ, ಉರಿಸಿದ ಹೊಗೆ, ಕೊಪ್ಪರಿಗೆಯ ಹಬೆ, ಬೂಷ್ಟು ಹಿಡಿದ ರಚ್ಚಿನ ದೂಳು. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ದೂಳಿನಿಂದಲೇ ಬರುವ ಶ್ವಾಸಕೋಶದ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಬಗಾಸೋಸಿಸ್ ಎಂಬ ಹೆಸರೇ ಇದೆ. ಕೆಮ್ಮಿದರೆ ಬೀಡಿಯ ಮೇಲೆ ತಪ್ಪು ಹಾಕುವುದು ಸುಲಭ. ಹಿಂದಿ, ಭೋಜಪುರಿ ಮಾತಾಡುವವರು ಆಸ್ಪತ್ರೆಯ ಕಿಟಕಿಯಲ್ಲಿ ಏನು ಕೇಳಬೇಕೆಂದು ತಿಳಿಯದೆ ಮಾಲೀಕರನ್ನೋ ಮೇಸ್ತ್ರಿಯನ್ನೋ ಕರೆದುಕೊಂಡೇ ಹೋಗಬೇಕು. ಆಗ ತಮ್ಮ ಕಾಯಿಲೆ ಏನೆಂಬುದು ತಮಗಿಂತ ಮೊದಲು ಕೆಲಸ ಕೊಟ್ಟವರಿಗೆ ತಿಳಿಯುತ್ತದೆ. ಕ್ಷಯವೋ ಎಚ್‌ಐವಿಯೋ ಆಗಿದ್ದರೆ ಅದರ ಬೆಲೆ ಕೆಲಸವೇ. ಅದಕ್ಕೇ ಅವರು ಬಾಯಿ ಬಿಡುವುದಿಲ್ಲ.

ಯೋಜನೆಗಳಿಲ್ಲವೇ? ಇವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಬಿಹಾರದ ಆಯುಷ್ಮಾನ್ ಕಾರ್ಡ್ ಕೂಡ ಇಲ್ಲಿಯ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯಬೇಕು. ಆದರೆ ಅದು ಆಸ್ಪತ್ರೆಗೆ ಸೇರಿದವರಿಗೆ. ಹೊರರೋಗಿಯಾಗಿ ತಿಂಗಳು ತಿಂಗಳು ಕೊಳ್ಳುವ ಮಾತ್ರೆ, ಮಾಡಿಸುವ ರಕ್ತಪರೀಕ್ಷೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಕಾಲು ತೆಗೆಸಲು ಕಾರ್ಡ್ ನೆರವಾಗುತ್ತದೆ. ಆ ಕಾಲು ಉಳಿಯಬೇಕಾದರೆ ಐದು ವರ್ಷ ಮೊದಲಿನಿಂದ ನಡೆಯಬೇಕಿದ್ದ ಚಿಕಿತ್ಸೆಗೆ ನೆರವಾಗುವುದಿಲ್ಲ. ಮದ್ದೂರಿನ ಸುತ್ತಲಿನ ಗಾರ್ಮೆಂಟ್ಸ್ ಕೆಲಸಗಾರರ ಸ್ಥಿತಿ ವಾಸಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ, ಹೊರರೋಗಿ ಚಿಕಿತ್ಸೆಯೂ ಸೇರಿ. ಆಲೆಮನೆಗೆ, ಗದ್ದೆಗೆ ಅದು ಬರುವುದಿಲ್ಲ.

ಕಾನೂನಿನಲ್ಲಿ ಇನ್ನೊಂದು ಬಿರುಕಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರು ಕೂಲಿಗಳಿಗೆ ಪುಕ್ಕಟೆ ವೈದ್ಯಕೀಯ ಸೌಲಭ್ಯ ಒದಗಿಸಬೇಕು ಎಂದು ಸ್ಪಷ್ಟವಾಗಿ ಹೇಳಿತು. 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಾಗಲೂ ‘ಅಂತರರಾಜ್ಯ’ ಎಂಬ ಗೆರೆ ಹಾಗೇ ಉಳಿಯಿತು. ಮಳವಳ್ಳಿಗೆ ತಮಿಳುನಾಡಿನ ಗಡಿ ಹತ್ತಿರ, ಹೂವಿನಹಡಗಲಿ ದೂರ. ಆದರೂ ಗಡಿಯಾಚೆಯಿಂದ ಬಂದವರು ವಲಸೆ ಕಾರ್ಮಿಕರು; ಹೂವಿನಹಡಗಲಿಯಿಂದ ರಾತ್ರಿಯಿಡೀ ಲಾರಿಯಲ್ಲಿ ಕೂತು ಮಕ್ಕಳು ಮರಿ, ಪಾತ್ರೆ ಪಗಡಿ ಸಮೇತ ಬಂದವರು ಕಾನೂನಿನ ಮಟ್ಟಿಗೆ ವಲಸೆ ಬಂದವರೇ ಅಲ್ಲ. ಮಂಡ್ಯದ ಕಬ್ಬಿನ ಗದ್ದೆಗಳ ಮಟ್ಟಿಗೆ ಈ ಗೆರೆ ಅಳಿಸದೆ ಬೇರೆ ಯಾವ ಸುಧಾರಣೆಯೂ ಪೂರ್ತಿಯಾಗದು ಎಂದು ನನ್ನ ಅಭಿಪ್ರಾಯ.

ಈಗ ಹೋದವರ ಮಾತು. ಮಳವಳ್ಳಿ, ಹಲಗೂರು ಕಡೆಯವರು ಕನಕಪುರದ ದಾರಿಯಲ್ಲಿ, ಮದ್ದೂರು, ಮಂಡ್ಯದವರು ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ರೇಷನ್ ಕಾರ್ಡು, ವೋಟು, ಆಸ್ಪತ್ರೆಯ ಪುಸ್ತಕ ಎಲ್ಲ ಊರಲ್ಲಿ. ‘ಊರಿಗೆ ಹೋದಾಗ ತೋರಿಸ್ಕೊಂಡ್ ಬತ್ತೀನಿ’ ಎಂಬ ಮಾತನ್ನು ಬೆಂಗಳೂರಿನಲ್ಲಿರುವ ಮಂಡ್ಯದವರ ಬಾಯಲ್ಲಿ ಕೇಳದವರಿಲ್ಲ. ಊರಿಗೆ ಹೋಗುವುದು ಭಾನುವಾರ, ಇಲ್ಲವೇ ಹಬ್ಬಕ್ಕೆ, ಇಲ್ಲವೇ ಸಾವಿಗೆ. ಭಾನುವಾರ, ಹಬ್ಬದ ದಿನ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ತೆರೆದಿರುವುದಿಲ್ಲ; ಸಾವಿನ ದಿನ ಅಲ್ಲಿಗೆ ಹೋಗಲು ಹೊತ್ತಿರುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳು ಬೆಂಗಳೂರಿನ ಬಡಾವಣೆಗಳಲ್ಲೂ ಇವೆ, ಬಿಪಿ, ಶುಗರ್ ಮಾತ್ರೆ ಪುಕ್ಕಟೆ ಕೊಡುತ್ತವೆ. ಆದರೂ ನಮ್ಮವರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಅಲ್ಲಿ ತಾವು ಪರವೂರಿನವರು ಎಂಬ ಅಳುಕು. ಊರಲ್ಲಿ ಉಳಿದ ಅಪ್ಪ ಅಮ್ಮನ ಕತೆ ಇದರ ಇನ್ನೊಂದು ಮುಖ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಆಗಬೇಕಾದ ತಂದೆಯನ್ನು ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಒಬ್ಬರು ಬೇಕೇ ಬೇಕು. ಎಷ್ಟೋ ಮನೆಗಳಲ್ಲಿ ಮಗ ಕೆಲಸ ಬಿಟ್ಟು ಹಿಂದಿರುಗಿದ್ದಾನೆ.

2020ರಲ್ಲಿ ಇದೆಲ್ಲ ಒಮ್ಮೆಗೇ ಬಯಲಿಗೆ ಬಂತು. ಮಾರ್ಚ್ ಕೊನೆಯ ವಾರ ಬಸ್ಸು ರೈಲು ನಿಂತಾಗ ಊರಿನ ಮಾತ್ರೆಯನ್ನೇ ನಂಬಿದ್ದವರಿಗೆ ಮಾತ್ರೆ ತಪ್ಪಿತು. ಮೇ ತಿಂಗಳಲ್ಲಿ ಮುಂಬಯಿಯಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ಮರಳಿದಾಗ ಕೋವಿಡ್ ಪ್ರಕರಣಗಳು ಏರಿ ಮಂಡ್ಯ ಜಿಲ್ಲೆ ರಾಜ್ಯದ ಗಮನ ಸೆಳೆಯಿತು. ಹತ್ತಾರು ವರ್ಷ ದುಡಿದು ಮನೆಗೆ ದುಡ್ಡು ಕಳಿಸಿದವರನ್ನು ಊರ ಬಾಗಿಲಲ್ಲೇ ತಡೆದ ನೋವು ಆ ಮನೆಗಳಲ್ಲಿ ಇನ್ನೂ ಆರಿಲ್ಲ. ಅವರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹೃದಯದ ತೊಂದರೆ ಎಂಬ ಪಟ್ಟಿ ಆಡಳಿತದ ಕೈಯಲ್ಲಿದ್ದಿದ್ದರೆ ಕ್ವಾರಂಟೈನ್ ಕೇಂದ್ರದಲ್ಲಿ ಮೊದಲು ಯಾರನ್ನು ನೋಡಬೇಕೆಂದು ಹುಡುಕಾಡಬೇಕಾಗಿರಲಿಲ್ಲ.

ಕಾಯಿಲೆಯ ಜೊತೆ ಚಿಕಿತ್ಸೆಯೂ ಪ್ರಯಾಣ ಮಾಡಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. ಕ್ಷಯರೋಗಿಯ ಹೆಸರು ನಿಕ್ಷಯ್ ದಾಖಲೆಯಲ್ಲಿ ಇರುತ್ತದೆ. ಕೂಡ್ಲಿಗಿಯಲ್ಲಿ ಶುರುವಾದ ಔಷಧಿಯನ್ನು ಮದ್ದೂರಿಗೆ ವರ್ಗಾಯಿಸಬಹುದು, ಪೌಷ್ಟಿಕ ಆಹಾರದ ಹಣ ಬ್ಯಾಂಕ್ ಖಾತೆಗೇ ಹೋಗುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಯಿತು. ಎಚ್‌ಐವಿ ಇರುವವರಿಗೆ ಎಆರ್‌ಟಿ ಕೇಂದ್ರದಿಂದ ಕೇಂದ್ರಕ್ಕೆ ವರ್ಗಾವಣೆ ಇದೆ, ಊರು ಬಿಡುವವರಿಗೆ ಒಟ್ಟಿಗೆ ಕೆಲವು ತಿಂಗಳ ಮಾತ್ರೆ ಕೊಡುವ ರೂಢಿಯೂ ಇದೆ. ಬಸುರಿಯರ ತಾಯಿ ಕಾರ್ಡನ್ನಂತೂ ಕರ್ನಾಟಕದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೂ ನರ್ಸ್ ಮೊದಲ ಪುಟದಿಂದ ಓದಿಕೊಳ್ಳುತ್ತಾರೆ: ಎಷ್ಟನೇ ತಿಂಗಳು, ರಕ್ತ ಎಷ್ಟು, ಯಾವ ಚುಚ್ಚುಮದ್ದು ಆಗಿದೆ. ಅಂಥದೊಂದು ಕಾರ್ಡ್ ಬಿಪಿ, ಶುಗರ್ ಇರುವವರಿಗೆ ಯಾಕಿಲ್ಲ? 14 ಅಂಕಿಯ ಆಭಾ ಸಂಖ್ಯೆ, ಕಂಪ್ಯೂಟರಿನ ದಾಖಲೆ ಬೇಡ ಎನ್ನುವುದಿಲ್ಲ. ಆದರೆ ವರ್ಷಕ್ಕೆರಡು ಸಲ ಸಿಮ್ ಬದಲಾಯಿಸುವವರಿಗೆ ಒಟಿಪಿ ನಂಬಿಕೊಂಡ ದಾಖಲೆಗಿಂತ ಮಳೆಗೆ ನೆನೆಯದ ಹಾಳೆಯ ಒಂದು ಪುಸ್ತಕ ಹೆಚ್ಚು ಕೆಲಸಕ್ಕೆ ಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ, ವಯಸ್ಕರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಜನರಿಗೆ ರಕ್ತದೊತ್ತಡ ಇದೆ ಎಂದು ಅಂದಾಜು ಮಾಡಿತು. ಇದು ಇನ್ನು ಶ್ರೀಮಂತರ ಕಾಯಿಲೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆ ಹಬ್ಬಿದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ತಪಾಸಣೆ ಮಾಡಿ ಮಾತ್ರೆ ತಲುಪಿಸುವ ಒಳ್ಳೆಯ ಯೋಚನೆ. ಅದರ ಹೆಸರಿನಲ್ಲಿರುವುದು ‘ಗೃಹ’. ಆಶಾ ಕಾರ್ಯಕರ್ತೆಯ ಪಟ್ಟಿ ನಡೆಯುವುದು ಮನೆ ನಂಬರಿನ ಮೇಲೆ. ನಾಲೆ ಏರಿಯ ಗುಡಾರಕ್ಕೆ ನಂಬರಿಲ್ಲ. ಇಲ್ಲಿ ಆಶಾಗಳನ್ನು ದೂರುವುದು ಅನ್ಯಾಯ. ಅವರಿಗೆ ಗೌರವಧನ ಸಿಗುವುದು ಪಟ್ಟಿಯಲ್ಲಿರುವ ಕೆಲಸಕ್ಕೆ. ಗುಡಾರದ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸಿ, ಅದಕ್ಕೆ ತಕ್ಕ ದುಡ್ಡು ಕೊಟ್ಟರೆ ಅವರು ಹೋಗುತ್ತಾರೆ. ಕೇರಳ 2017ರಲ್ಲಿ ಆವಾಜ್ ಎಂಬ ಯೋಜನೆಯಲ್ಲಿ ಹೊರರಾಜ್ಯದ ಕೂಲಿಗಳಿಗೆಂದೇ 15,000 ರೂಪಾಯಿ ಚಿಕಿತ್ಸಾ ವಿಮೆ ಕೊಟ್ಟಿತು. ಎರ್ನಾಕುಲಂ ಸೀಮೆಯಲ್ಲಿ ಬಂಧು ಕ್ಲಿನಿಕ್ ಎಂಬ ಸಂಚಾರಿ ಆಸ್ಪತ್ರೆ ಕೂಲಿಗಳಿರುವ ಕಡೆಗೇ ಹೋಗುತ್ತದೆ. ವಿಮೆಯ ಮೊತ್ತ ಚಿಕ್ಕದು. ಆದರೆ ಬಂದವರನ್ನು ಬಂದವರೆಂದು ಗುರುತಿಸಿದ್ದೇ ದೊಡ್ಡ ಹೆಜ್ಜೆ.

ಬಂದವರು ಎಲ್ಲಿದ್ದಾರೆಂದು ಗೊತ್ತಾಗುವುದಿಲ್ಲ ಎಂಬ ಸಬೂಬು ಮಂಡ್ಯದಲ್ಲಿ ನಿಲ್ಲುವುದಿಲ್ಲ. ಯಾವ ಗದ್ದೆಯ ಕಬ್ಬು ಯಾವ ದಿನ ಕಡಿಯಬೇಕು ಎಂಬ ಕಟಾವು ಪಟ್ಟಿ ಪ್ರತಿ ಕಾರ್ಖಾನೆಯಲ್ಲೂ ಇದೆ. ಯಾವ ಗ್ಯಾಂಗ್ ಯಾವ ಊರಲ್ಲಿ ಗುಡಾರ ಹಾಕಿದೆ, ಅದರಲ್ಲಿ ಎಷ್ಟು ಜನ, ಮೇಸ್ತ್ರಿಯ ಫೋನ್ ನಂಬರು ಯಾವುದು ಎಂಬುದೆಲ್ಲ ಕಾರ್ಖಾನೆಯ ಫೀಲ್ಡ್‌ಮನ್‌ಗೆ ಬಾಯಿಪಾಠ. ನಾಳೆ ಕಬ್ಬು ಬರಬೇಕು ಎಂಬ ಅಗತ್ಯ ಅದನ್ನೆಲ್ಲ ತಿಳಿದಿಟ್ಟುಕೊಳ್ಳುವಂತೆ ಮಾಡಿದೆ. ಆ ಪಟ್ಟಿಯ ಒಂದು ಪ್ರತಿ ವಾರಕ್ಕೊಮ್ಮೆ ಆ ಭಾಗದ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಗ್ಯಾಂಗ್ ಬಂದಿಳಿದ ಮೊದಲ ವಾರದಲ್ಲೇ, ಸಂಜೆ ಹೊತ್ತು, ಗುಡಾರದ ಬಳಿಯೇ ಬಿಪಿ, ಶುಗರ್ ನೋಡಲಿ, ಪಾದ ನೋಡಲಿ, ಕಾಯಿಲೆ ಇದ್ದವರಿಗೆ ಪುಸ್ತಕ ಕೊಟ್ಟು ಎರಡು ತಿಂಗಳ ಮಾತ್ರೆ ಕೊಡಲಿ. ಕೂಳೆಗೆ ಹರಿಯದ ಗಟ್ಟಿ ಬೂಟು ಕಾರ್ಖಾನೆಯ ಖರ್ಚಿನಲ್ಲಿ ಬರಲಿ. ಹಂಗಾಮು ಮುಗಿದು ಲಾರಿ ಹತ್ತುವ ಮುಂಚೆ ಹಗರಿಬೊಮ್ಮನಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಂದು ಫೋನು ಹೋಗಲಿ: ನಿಮ್ಮೂರಿನ ಇಷ್ಟು ಜನ ಬರುತ್ತಿದ್ದಾರೆ, ಇವರ ಮಾತ್ರೆ ಇಂಥ ತಾರೀಕಿಗೆ ಮುಗಿಯುತ್ತದೆ ಎಂದು. ಇದಕ್ಕೆ ಹೊಸ ಕಾಯ್ದೆ ಬೇಡ. ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಕಾರ್ಖಾನೆಯ ಕಬ್ಬು ವಿಭಾಗದವರು ಜೂನ್‌ಗೆ ಮುಂಚೆ ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಮೊದಲ ಹಂಗಾಮಿಗೆ ಸಾಕಾಗುವಷ್ಟು ತಯಾರಿ ಆಗುತ್ತದೆ.